ಅಂಗಳದಲ್ಲಿ ಒಬ್ಬ ವ್ಯಕ್ತಿ

ನಾನು ಹುಟ್ಟಿದ್ದು ಮಖಾ ನಕ್ಷತ್ರದಲ್ಲಿ. ಅರವತ್ತೆರಡು ವರ್ಷ ಆ ಒಂದೇ ನಕ್ಷತ್ರದಲ್ಲಿ ಬದುಕು ಸಾಗಿತ್ತು. ಮದುವೆಗೂ ಅದೇ ಸಾಕಾಗಿತ್ತು. ಹೋಮ್‌ಸ್ಟೇ ಶುರು ಮಾಡಿದ ಮೇಲೆ ಐದು ಬೇಕೆಂದು ಗೊತ್ತಾಯಿತು. ಹೋದ ಫೆಬ್ರವರಿಯಲ್ಲಿ ಒಬ್ಬ ಅತಿಥಿ ಒಂದು ಕೊಟ್ಟು, ಕೆಳಗೆ ಹೀಗೆ ಬರೆದ: "ಊಟ ಚೆನ್ನಾಗಿದೆ. ಮನೆ ಚೆನ್ನಾಗಿದೆ. ಮಾಲೀಕರು ರಾತ್ರಿ ದೊಣ್ಣೆ ಹಿಡಿದು ಕಿಟಕಿಯ ಹತ್ತಿರ ಓಡಾಡುತ್ತಾರೆ. ಕ್ಯಾಮರಾ ಇದೆ."

ನಾಲ್ಕು ವಾಕ್ಯ. ನಾಲ್ಕೂ ಸತ್ಯ. ನನ್ನ ಸಂಕಟವೇ ಅದು.

ನಮ್ಮ ಮನೆ ಇರುವುದು ವೇಣೂರಿನಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ತಲೆಯಲ್ಲಿ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಖಾಲಿ ಬಿದ್ದ ಎರಡು ಕೋಣೆಗಳ ಫೋಟೋ ತೆಗೆದು ಮಗಳೇ ಕಂಪೆನಿಯೊಂದರ ಪಟ್ಟಿಗೆ ಹಾಕಿದಳು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಕಂಬಳವೆಂದರೆ ಕೋಣೆ ಭರ್ತಿ. ಧರ್ಮಸ್ಥಳಕ್ಕೆ ಹೋಗುವವರು, ವೇಣೂರಿನ ಬಾಹುಬಲಿಯನ್ನು ನೋಡುವವರು ಉಳಿದ ದಿನಗಳಲ್ಲಿ. 1604ರಿಂದ 35 ಅಡಿ ಎತ್ತರಕ್ಕೆ ನಿಂತಿರುವ ಆ ಗೊಮ್ಮಟ ಎಲ್ಲವನ್ನೂ ಬಿಟ್ಟವನು. ಅಡಿಕೆ ಕಳ್ಳರ ಚಿಂತೆ ಅವನಿಗಿಲ್ಲ. ನನಗುಂಟು.

ಅತಿಥಿಗಳ ದೂರುಗಳಿಗೆ ನಾನು ಒಗ್ಗಿಹೋಗಿದ್ದೆ. ಕುಚ್ಚಲಕ್ಕಿ ಅನ್ನ ಬೆಂದಿಲ್ಲವೆಂದು ಒಬ್ಬರು. ನವಿಲು ಐದೂವರೆಗೇ ಕೂಗುತ್ತದೆಂದು ಇನ್ನೊಬ್ಬರು. ಪಕ್ಕದೂರಿನ ಯಕ್ಷಗಾನದ ಚೆಂಡೆಯ "ವಾಲ್ಯೂಮ್ ಕಡಿಮೆ ಮಾಡಿಸಿ" ಎಂದು ರಾತ್ರಿ ಬಾಗಿಲು ತಟ್ಟಿದವರೂ ಉಂಟು. ಒಬ್ಬರಂತೂ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋಗಿ ಮಧ್ಯಾಹ್ನವಿಡೀ ಕಂಬ ಎಣಿಸಿ ಬಂದು, ಕಡಿಮೆ ಬಿದ್ದ ಕಂಬಗಳನ್ನು ನಾನೇ ಅಡಗಿಸಿಟ್ಟಿದ್ದೇನೆ ಎಂಬಂತೆ ನನ್ನ ಮುಖ ನೋಡಿದರು. ಇದಕ್ಕೆಲ್ಲ ಒಂದು ಲೋಟ ಪುನರ್ಪುಳಿ ಶರಬತ್ತು ಸಾಕಾಗುತ್ತಿತ್ತು.

ಕೆಟ್ಟದ್ದು ಕ್ಯಾಮರಾದಿಂದ. ಅದಕ್ಕೆ ಕಾರಣ ಭಾವ.

ಜನವರಿಯ ಒಂದು ಬೆಳಿಗ್ಗೆ ನೋಡುವಾಗ, ಒಣಗಲು ಹಾಕಿದ ಅಡಿಕೆಯಲ್ಲಿ ಅಂಗಳದ ಒಂದು ಮೂಲೆ ಗುಡಿಸಿದ ಹಾಗೆ ಖಾಲಿ. ಬಂಟ್ವಾಳದ ಕಡೆಯ ನನ್ನ ಭಾವನಿಗೆ ಫೋನು ಮಾಡಿದೆ. ಅವನ ಮನೆಯಲ್ಲಿ ಎಂಟು ಕ್ಯಾಮರಾ ಉಂಟು, ಹಟ್ಟಿಗೂ ಒಂದು. ಕಲ್ಲಡ್ಕದಲ್ಲಿ ಕೂತು, ಕೆಳಗೆ ಹಾಲು ಮೇಲೆ ಚಹಾ ಬೇರೆ ಬೇರೆ ನಿಂತ ಕೆ.ಟಿ. ಕುಡಿಯುತ್ತಾ, ತನ್ನ ಹಸು ಮೆಲುಕು ಹಾಕುವುದನ್ನು ಮೊಬೈಲಿನಲ್ಲಿ ನೋಡುವ ಮನುಷ್ಯ ಅವನು. "ಸರಕಾರವೇ ಕಡ್ಡಾಯ ಮಾಡಿದೆ ಭಾವ, ನೀವು ಇನ್ನೂ ಹಾಕಿಸಿಲ್ಲವಾ?" ಎಂದ. ಆ ಕಾಯಿದೆಯನ್ನು ನಾನು ಆಮೇಲೆ ಓದಿದೆ. 2017ರದ್ದು. ಒಂದೇ ಹೊತ್ತಿಗೆ 100 ಜನ, ಇಲ್ಲವೇ ದಿನಕ್ಕೆ 500 ಜನ ಸೇರುವ ಜಾಗಕ್ಕೆ ಅದು ಅನ್ವಯ. ನಮ್ಮ ಅಂಗಳದಲ್ಲಿ ನೂರು ಜನ ಸೇರಿದ್ದು ಅಪ್ಪನ ಬೊಜ್ಜದ ದಿನ ಮಾತ್ರ.

ಅಂತೂ ಚಾವಡಿಯ ಮಾಡಿನ ಕೆಳಗೆ ಒಂದು ಕ್ಯಾಮರಾ ಕೂತಿತು. ಅಂಗಳಕ್ಕೆ ಯಾರಾದರೂ ಕಾಲಿಟ್ಟರೆ ಮೊಬೈಲು 'ಟಿಂಗ್' ಎಂದು, "ಅಂಗಳದಲ್ಲಿ ಒಬ್ಬ ವ್ಯಕ್ತಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ತುಣುಕು ಚಿತ್ರ ತೋರಿಸುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗದು ಭಾರಿ ಇಷ್ಟವಾಯಿತು. ಧಾರಾವಾಹಿ ಬಿಟ್ಟು ಒಣಗುವ ಅಡಿಕೆ ನೋಡತೊಡಗಿದೆ. ಮೂಡುಬಿದಿರೆಯ ಬ್ಯಾಂಕಿನಲ್ಲಿ ಸರತಿಯಲ್ಲಿ ನಿಂತು ಹೆಂಡತಿಗೆ ಫೋನು ಮಾಡಿ, "ಎಡಗಡೆ ನವಿಲು ಬಂದಿದೆ, ಓಡಿಸು" ಎಂದೆ. ಅವಳು ಹೊರಗೆ ಬಂದು ನವಿಲನ್ನು ನೋಡಲಿಲ್ಲ, ಕ್ಯಾಮರಾವನ್ನು ನೋಡಿದಳು. ಆ ನೋಟವೂ ರೆಕಾರ್ಡ್ ಆಗಿದೆ.

ಇನ್ನು ಆ ರಾತ್ರಿ.

ಕೋಣೆಯಲ್ಲಿ ಬೆಂಗಳೂರಿನ ಒಬ್ಬ ಹುಡುಗ, ಒಬ್ಬಳು ಹುಡುಗಿ. ಗಂಡ ಹೆಂಡತಿಯೋ ಎಂದು ನಾನು ಕೇಳಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಅದನ್ನು ಬರೆದಿರುವುದಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಒಂದು ಮುಕ್ಕಾಲಕ್ಕೆ ನನಗೆ ಎಚ್ಚರವಾಯಿತು. ಈ ವಯಸ್ಸಿನಲ್ಲಿ ಯಾಕೆ ಎಚ್ಚರವಾಗುತ್ತದೆಂದು ವಿವರಿಸಬೇಕಾಗಿಲ್ಲ. ಚಳಿಯಿತ್ತು. ಮಂಕಿ ಕ್ಯಾಪ್ ಹಾಕಿಕೊಂಡು, ಬೈರಾಸು ಸುತ್ತಿಕೊಂಡು ತೋಟದ ಅಂಚಿಗೆ ಹೋಗಿ ಬಂದು ಮಲಗಿದೆ. ಕಣ್ಣು ಮುಚ್ಚುವಷ್ಟರಲ್ಲಿ 'ಟಿಂಗ್'.

ನಮ್ಮಲ್ಲಿ ಇಂಟರ್ನೆಟ್ಟು ಬರುವುದು ಮರದಿಂದ ಮರಕ್ಕೆ ಎಳೆದ ಒಂದು ವಯರಿನಲ್ಲಿ. ಅಳಿಲು ಕಚ್ಚದ ದಿನ ಬರುತ್ತದೆ, ಬಂದರೂ ಉಸ್ಸಪ್ಪಾ ಎಂದು ಐದಾರು ನಿಮಿಷ ತಡವಾಗಿ ಬರುತ್ತದೆ. ಈ ಸಂಗತಿ ನನಗೆ ಹಗಲಿನಲ್ಲಿ ಚೆನ್ನಾಗಿ ಗೊತ್ತಿತ್ತು.

ಮೊಬೈಲಿನಲ್ಲಿ ಬೂದು ಬಣ್ಣದ ಅಂಗಳ. ಅದರ ನಡುವೆ ಒಬ್ಬ. ತಲೆಗೆ ಮುಸುಕು. ಡೊಂಕು ಕಾಲು, ಬಾಗಿದ ಬೆನ್ನು, ನೋಡಿದರೇ ಕಳ್ಳ ಎನ್ನಬೇಕು, ಅಂಥ ನಡಿಗೆ. ಅವನು ಆಚೆ ಈಚೆ ನೋಡಿದ. ಬಗ್ಗಿದ. ಒಂದು ಅಡಿಕೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ನನ್ನ ಎದೆ ಧಸಕ್ಕೆಂದಿತು. ಒಣಗಿದ ಅಡಿಕೆ ಸಿಪ್ಪೆಯೊಳಗೆ ಗಡಗಡ ಅನ್ನುತ್ತದೆಂದು ಗೊತ್ತಿರುವವನು ಸಾಮಾನ್ಯ ಕಳ್ಳನಲ್ಲ; ಕಸುಬು ಬಲ್ಲವನು, ಬಹುಶಃ ಸ್ವಂತ ತೋಟ ಇರುವವನು! ಗುರುತು ಸಿಕ್ಕಿದ ಹಾಗಾಗುತ್ತದೆ, ಸಿಗುವುದಿಲ್ಲ. ಹೋಗುವಾಗ ಅವನು ಆ ಅಡಿಕೆಯನ್ನು ಬೈರಾಸಿನ ಮಡಿಕೆಗೆ ಸೇರಿಸಿಕೊಂಡ.

ದೊಣ್ಣೆ ತೆಗೆದುಕೊಂಡು ಸದ್ದಾಗದ ಹಾಗೆ ಹೊರಟೆ. ಅಂಗಳ ಖಾಲಿ. ಅತಿಥಿಗಳ ಕಿಟಕಿಯ ಪಕ್ಕದಿಂದ ಹಟ್ಟಿಯವರೆಗೆ ಬೆಕ್ಕಿನ ಹೆಜ್ಜೆ ಇಟ್ಟು ನೋಡಿ ಬಂದೆ. ಯಾರೂ ಇಲ್ಲ. ಮಂಚದ ಮೇಲೆ ಕೂತೆ. 'ಟಿಂಗ್'.

ಅವನೇ. ಈ ಸಲ ಕೈಯಲ್ಲಿ ದೊಣ್ಣೆ.

ಹೋಗಿ ಆಯುಧ ತಂದಿದ್ದಾನೆ! ಮಾತ್ರವಲ್ಲ, ನೇರ ಅತಿಥಿಗಳ ಕಿಟಕಿಯ ಕಡೆಗೇ ನಡೆಯುತ್ತಿದ್ದಾನೆ, ಅದೂ ಬೆಕ್ಕಿನ ಹೆಜ್ಜೆ ಇಟ್ಟು. ಅಡಿಕೆ ಹೋದರೆ ಹೋಗಲಿ, ನಂಬಿ ಬಂದ ಮಕ್ಕಳಿಗೆ ಏನಾದರೂ ಆದರೆ? ಹೆಂಡತಿಯನ್ನು ಎಬ್ಬಿಸಿದೆ. ಅವಳು ಪ್ರಶ್ನೆ ಕೇಳುವ ಜಾತಿಯಲ್ಲ. ಬಾಗಿಲ ಹಿಂದಿದ್ದ ಹಿಡಿಸೂಡಿ ತೆಗೆದುಕೊಂಡು ನನಗಿಂತ ಮೊದಲೇ ಹೊರಟಳು. ಕಿಟಕಿಯ ಬಳಿ ನಿಂತು ನಾನು, "ಏರ್ ಅವು?" ಎಂದು ತುಳುವಿನಲ್ಲಿ ಗರ್ಜಿಸಿದೆ. ಯಾರದು ಎಂದು ಕೇಳಿದ್ದು ಅಷ್ಟೆ. ತುಳು ಬಾರದವರಿಗೆ ಅದು ಹೇಗೆ ಕೇಳಿಸಿತೋ. ಕೋಣೆಯೊಳಗೆ ಲೈಟು ಹತ್ತಿತು, ತಕ್ಷಣ ಆರಿತು. ಆಮೇಲೆ ಮಂಚ ಎಳೆದು ಬಾಗಿಲಿಗೆ ಅಡ್ಡ ಇಟ್ಟ ಸದ್ದು.

ಒಳಗೆ ಬಂದು, ಪೊಲೀಸರಿಗೆ ಹೇಳುವುದೇ ಸರಿ ಎಂದು 112 ಒತ್ತತೊಡಗಿದೆ. ಎರಡು ಒಂದು ಒತ್ತಿಯಾಗಿತ್ತು, ಒಂದು ಎರಡು ಬಾಕಿ. 'ಟಿಂಗ್'.

ಈಗ ಇಬ್ಬರು!

"ಗ್ಯಾಂಗು ಮಾರಾಯ್ತಿ," ಎಂದೆ, ಕೈ ನಡುಗುತ್ತಿತ್ತು. "ಒಬ್ಬಳು ಹೆಂಗಸೂ ಇದ್ದಾಳೆ. ಹಿಡಿಸೂಡಿ ಹಿಡಿದುಕೊಂಡಿದ್ದಾಳೆ."

"ಕಳ್ಳರಿಗೆ ಹಿಡಿಸೂಡಿ ಎಂತಕ್ಕೆ?"

"ಅಡಿಕೆ ಗುಡಿಸಿಕೊಂಡು ಹೋಗ್ಲಿಕ್ಕೆ! ಆವತ್ತು ಮೂಲೆ ಹೇಗೆ ಖಾಲಿಯಾದದ್ದು ಮತ್ತೆ?"

ಅವಳು ಕನ್ನಡಕ ಹುಡುಕಿ ಹಾಕಿಕೊಂಡಳು. ಮೊಬೈಲನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಬಹಳ ಹೊತ್ತು ಏನೂ ಹೇಳಲಿಲ್ಲ.

"ಈ ನೈಟಿ ನನ್ನದು," ಎಂದಳು.

ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆ ಕಾಲು ನಿಮ್ಮದೇ, ಅಲ್ಲವಾ?"

ಬೈರಾಸಿನ ಮಡಿಕೆ ಬಿಡಿಸಿದೆ. ಒಂದು ಅಡಿಕೆ ಟಪ್ಪೆಂದು ನೆಲಕ್ಕೆ ಬಿತ್ತು.

ಬೆಳಿಗ್ಗೆ ನೀರುದೋಸೆಯ ಮುಂದೆ ಹುಡುಗ ಬಹಳ ಗಂಭೀರವಾಗಿ ಮಾತಾಡಿದ. ರಾತ್ರಿಯದನ್ನು ವಿವರಿಸಲು ಹೋದೆ. ವಿವರಿಸಿದಷ್ಟೂ ಅವನ ಕಣ್ಣು ಅಗಲವಾಯಿತು. ಕ್ಯಾಮರಾ ಇರುವುದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದ. ಬೋರ್ಡು ಹಾಕಿದ್ದೇನೆಂದು ತೋರಿಸಲು ಹೋದರೆ, ಬೋರ್ಡಿನ ಮೇಲೆ ಹೆಂಡತಿ ಹೊಸ ವರ್ಷದ ಕ್ಯಾಲೆಂಡರು ತೂಗುಹಾಕಿದ್ದಳು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮು ಹೇಳಿದ: ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆದರೆ ಮೂರು ವರ್ಷದವರೆಗೆ ಜೈಲು. ಅಂಗಕ್ಕೂ ಅಂಗಳಕ್ಕೂ ವ್ಯತ್ಯಾಸ ಉಂಟು ತಮ್ಮ, ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಏಕೆಂದರೆ ಬಚ್ಚಲುಕೊಟ್ಟಿಗೆಗೆ ಹೋಗುವ ದಾರಿ ಚಿತ್ರದ ಎಡ ಮೂಲೆಯಲ್ಲಿ ಬರುತ್ತಿತ್ತು. ಹೆಗಲಿಗೆ ಟವೆಲು ಹಾಕಿಕೊಂಡು ಹೋದವರೆಲ್ಲ ಅದರಲ್ಲಿದ್ದಾರೆ. ನಾನು ಅಡಿಕೆಯನ್ನೇ ನೋಡುತ್ತಿದ್ದೆ ಎಂದರೆ ಯಾರು ನಂಬುತ್ತಾರೆ?

ಕಂಪೆನಿಯಿಂದ ಫೋನು ಬಂತು. ಯಾವ ಕಂಪೆನಿ ಎನ್ನುವುದಿಲ್ಲ. ಆ ಕಡೆಯ ಹುಡುಗಿಯ ಪ್ರಶ್ನೆ ಒಂದೇ: ಕ್ಯಾಮರಾ ಮನೆಯ ಒಳಗಿದೆಯೋ ಹೊರಗಿದೆಯೋ?

ಚಾವಡಿಯಲ್ಲಿದೆ, ಎಂದೆ.

ಚಾವಡಿ ಒಳಗೋ ಹೊರಗೋ?

ಇಂಥ ಪ್ರಶ್ನೆಗೆ ನಮ್ಮ ಹಿರಿಯರು ಉತ್ತರ ಬಿಟ್ಟುಹೋಗಿಲ್ಲ. ಮೂರು ಕಡೆ ಗೋಡೆ, ಒಂದು ಕಡೆ ಕಂಬ. ಮಳೆಗೆ ಅದು ಒಳಗೆ, ಎರಚಲಿಗೆ ಹೊರಗೆ. ಬಂದವರು ಚಾವಡಿಯಲ್ಲಿ ಕೂತಿದ್ದಾಗಲೂ ನಾವು "ಒಳಗೆ ಬನ್ನಿ" ಎನ್ನುತ್ತೇವೆ. ನಾಯಿ ಅಲ್ಲಿ ಮಲಗಿದರೆ "ಹೊರಗೆ ಹೋಗು" ಎನ್ನುತ್ತೇವೆ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಜಗತ್ತಿನಾದ್ಯಂತ ಮನೆಯೊಳಗಿನ ಕ್ಯಾಮರಾಗಳನ್ನೆಲ್ಲ ನಿಷೇಧಿಸಿದೆ. ಹೊರಗೆ ಇಡಬಹುದು, ಎಲ್ಲಿದೆಯೆಂದು ಮೊದಲೇ ತಿಳಿಸಬೇಕು. ಸ್ನಾನದ ಜಾಗವನ್ನು ಅದು ನೋಡಕೂಡದು. ನ್ಯಾಯವಾದ ನಿಯಮವೇ. ಬರೆದವರು ಚಾವಡಿ ಕಂಡಿರಲಿಕ್ಕಿಲ್ಲ. ಹುಡುಗಿಗೆ ಇಪ್ಪತ್ತು ನಿಮಿಷ ವಿವರಿಸಿದೆ. ಕೊನೆಗೆ ಅವಳು, "ಸರ್, ಅಲ್ಲಿ ಮಲಗಲು ಆಗುತ್ತದಾ?" ಎಂದು ಕೇಳಿದಳು. ಅಪ್ಪ ನಲವತ್ತು ವರ್ಷ ಅಲ್ಲೇ ಮಲಗುತ್ತಿದ್ದರು ಎಂದೆ. ಹಾಗಾದರೆ ಒಳಗೆ, ಎಂದು ಬರೆದುಕೊಂಡಳು.

ನನಗೆ ಸಿಟ್ಟು ಬಂದದ್ದು ಮೂರು ದಿನ ಬಿಟ್ಟು. ಮಗಳು ಒಂದು ರೀಲ್ಸ್ ಕಳಿಸಿದಳು. ನಮ್ಮ ಅಡುಗೆಮನೆ, ನನ್ನ ಹೆಂಡತಿ ಕಾವಲಿಗೆಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ನೀರುದೋಸೆ ಹೊಯ್ಯುತ್ತಿದ್ದಾಳೆ, ಹಿಂದಿನಿಂದ ಕೊಳಲು. ತೆಗೆದವನು ಅದೇ ಹುಡುಗ. ನಮ್ಮ ಊರಿನಲ್ಲಿ ಇರುವುದಕ್ಕಿಂತ ಹೆಚ್ಚು ಜನ ಅದನ್ನು ನೋಡಿಯಾಗಿತ್ತು. ಅವಳ ಒಪ್ಪಿಗೆ ಯಾರು ಕೇಳಿದ್ದರು? ನನ್ನ ಕ್ಯಾಮರಾ ಎಲ್ಲಿದೆಯೆಂದಾದರೂ ಗೊತ್ತು, ಗೋಡೆಯಲ್ಲಿ ಕೂತಿದೆ. ಅವರದ್ದು ಕಿಸೆಯಲ್ಲಿ ತಿರುಗುತ್ತದೆ. ಬಾವಿಕಟ್ಟೆಯ ಮೇಲೆ ಡ್ರೋನು ಹಾರಿಸಿದವರೂ ನಮ್ಮಲ್ಲಿ ಬಂದು ಹೋಗಿದ್ದಾರೆ. ಖಾರವಾಗಿ ಒಂದು ಉತ್ತರ ಬರೆಯಲು ಕೂತೆ.

ಅದನ್ನು ಮುಗಿಸಲಿಲ್ಲ. ಆ ಸಂಜೆಯೇ ಎರಡು ಬೈಕಿನಲ್ಲಿ ಮೂವರು ಹುಡುಗರು ಬಂದರು. ಗುರುತಿನವರೇ, ಒಬ್ಬನ ಅಪ್ಪ ನಮ್ಮ ತೋಟಕ್ಕೆ ಮದ್ದು ಬಿಡುವವನು. ಚಾವಡಿಯಲ್ಲಿ ಕೂತು, ಕ್ಯಾಮರಾದ ಕಡೆ ಕಣ್ಣು ಹಾಯಿಸಿ, "ಅಣ್ಣ, ಮೊನ್ನೆ ಒಂದು ಜೋಡಿ ಬಂದಿತ್ತಂತೆ. ಯಾವ ಕಡೆಯವರು, ಹೆಸರು ಎಂತ? ರೆಕಾರ್ಡಿಂಗ್ ಸ್ವಲ್ಪ ತೋರಿಸಿ" ಎಂದರು. ಬಹಳ ಮರ್ಯಾದೆಯಿಂದಲೇ ಕೇಳಿದರು.

ನಮ್ಮ ಜಿಲ್ಲೆಯಲ್ಲಿ ಹೋಮ್‌ಸ್ಟೇ ಎಂಬ ಮಾತಿಗೆ 2012ರಿಂದ ಒಂದು ಬೇರೆ ನೆನಪು ಅಂಟಿಕೊಂಡಿದೆ. ಆ ಜುಲೈ 28ರಂದು ಮಂಗಳೂರಿನ ಪಡೀಲಿನಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅದನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದ ವರದಿಗಾರ ನವೀನ್ ಸೂರಿಂಜೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2024ರ ಆಗಸ್ಟಿನಲ್ಲಿ ಹಲ್ಲೆಯ ಆರೋಪಿಗಳು ಖುಲಾಸೆಯಾದರು. ಬಾಗಿಲಿಗೆ ಮಂಚ ಅಡ್ಡ ಇಟ್ಟ ಆ ಸದ್ದು ನನಗೆ ಮೂರು ದಿನ ತಮಾಷೆಯಾಗಿತ್ತು. ಈಗ ಆಗಲಿಲ್ಲ.

ನಾನು ಧೈರ್ಯವಂತನಾಗಿದ್ದರೆ, ಎದ್ದು ಹೋಗಿ ಎನ್ನುತ್ತಿದ್ದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ. ಅರ್ಜಿ ಹಾಕುವಾಗ ಅವರಿಗೆ ಎಂಬತ್ತಾರು ವರ್ಷ. ನಾನು ಅರವತ್ತೆರಡಕ್ಕೆ, "ಮೆಮರಿ ಕಾರ್ಡು ಹಾಳಾಗಿದೆ ಮಾರಾಯಾ, ಅಳಿಲು ವಯರು ಕಚ್ಚಿತು" ಎಂದು ಸುಳ್ಳು ಹೇಳಿ ಮೂವರಿಗೂ ಪುನರ್ಪುಳಿ ಕೊಟ್ಟೆ. ಕುಡಿದು ಹೋದರು.

ಅವರ ಬೈಕಿನ ಸದ್ದು ಮರೆಯಾದ ಮೇಲೆ ಏಣಿ ಹಾಕಿ ಕ್ಯಾಮರಾ ಇಳಿಸಿದೆ. ಕಾರ್ಡಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ಅಡಿಕೆಯನ್ನು ಈಗ ಸಂಜೆ ರಾಶಿ ಮಾಡಿ ಗೋಣಿಯಲ್ಲಿ ಒಳಗಿಡುತ್ತೇವೆ, ಸೊಂಟ ನೋಯುತ್ತದೆ. ಆ ರಾತ್ರಿಯ ಮೂರು ತುಣುಕುಗಳು ಮಾತ್ರ ಅದಕ್ಕೆ ಮೊದಲೇ ಹೆಂಡತಿಯ ಮೊಬೈಲು ಸೇರಿ, ಅಲ್ಲಿಂದ ಕುಟುಂಬದ ಗ್ರೂಪಿಗೆ ಹೋಗಿದ್ದವು. ಹೋದಲ್ಲಿ ಬಂದಲ್ಲಿ ಭಾವ, "ಕಳ್ಳ ಸಿಕ್ಕಿದನಾ?" ಎಂದು ಕೇಳುತ್ತಾನೆ.

ಹೋದ ವಾರ ಹಾಸನದ ಒಂದು ಕುಟುಂಬ ಬಂದಿತ್ತು. ಯಜಮಾನರು ಅಂಗಳವನ್ನೂ ಮಾಡನ್ನೂ ಸುತ್ತ ನೋಡಿ, "ಇಲ್ಲಿ ಸಿಸಿ ಕ್ಯಾಮರಾ ಇಲ್ವಾ? ಸೇಫ್ಟಿಗೆ ಏನು ವ್ಯವಸ್ಥೆ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿ ಹೇಳಿದಳು: "ಇವರಿದ್ದಾರಲ್ಲ. ರಾತ್ರಿ ತಿರುಗ್ತಾ ಇರ್ತಾರೆ."