ಬಂತಾ?

2024ರ ಗಣಪತಿ ಹಬ್ಬದಲ್ಲಿ ನಮ್ಮ ಬೀದಿಯ ಹುಡುಗರು ಕೂರಿಸಿದ ಗಣಪ ಹಿಂದಿನ ವರ್ಷಕ್ಕಿಂತ ಎರಡಡಿ ಎತ್ತರ ಇದ್ದ. ಬಿಡುವ ದಿನ ಟ್ರ್ಯಾಕ್ಟರ್ ಮುಂದೆ ಒಬ್ಬ ಹುಡುಗ ಕವೆಗೋಲು ಹಿಡಿದು, ಅಡ್ಡ ಬಂದ ವೈರುಗಳನ್ನೆಲ್ಲ ಎತ್ತಿ ಎತ್ತಿ ದೇವರಿಗೆ ದಾರಿ ಮಾಡುತ್ತಿದ್ದ. ಕರೆಂಟಿನ ವೈರಿಗೆ ಅವನು ಮರ್ಯಾದೆ ಕೊಟ್ಟ. ಕೇಬಲ್ ಟಿವಿಯ ವೈರಿಗೆ ಕೊಡಲಿಲ್ಲ. ಗಣಪ ಮುಂದಕ್ಕೆ ಹೋದ, ನಮ್ಮ ಮನೆಯ ಟಿವಿ ಅಲ್ಲೇ ನಿಂತಿತು.

ಕೇಬಲ್ಲಿನವನು ಫೋನ್ ಮಾಡಿದಾಗಲೆಲ್ಲ ಬಹಳ ವಿನಯದಿಂದ "ನಾಳೆ ಬರ್ತೀನ್ರೀ" ಅಂದ. ಅಂಥ ಹತ್ತು ನಾಳೆಗಳು ಕಳೆದವು. ನಮ್ಮ ಅವ್ವ ನೋಡುತ್ತಿದ್ದ ಧಾರಾವಾಹಿಯಲ್ಲಿ ಸೊಸೆಯೊಬ್ಬಳು ಹಾಲಿನ ಲೋಟ ಹಿಡಿದು ಮಾವನ ಕೋಣೆಯ ಬಾಗಿಲಲ್ಲಿ ನಿಂತಿದ್ದಾಗ ವೈರು ಹರಿದಿತ್ತು. "ಆ ಹಾಲು ಈಗ ಮೊಸರು ಆಗಿರಬೇಕು ನೋಡಪಾ" ಎಂದು ಅವ್ವ ದಿನಕ್ಕೊಮ್ಮೆ ನಿಟ್ಟುಸಿರು ಬಿಡತೊಡಗಿದಳು. ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಮಗ ತನ್ನ ಮೊಬೈಲಿನಲ್ಲೇ ಧಾರಾವಾಹಿ ಹಾಕಿ ಕೊಟ್ಟ. ಅವ್ವ ಅದನ್ನು ಕನ್ನಡಕದ ಹತ್ತಿರ ಹಿಡಿದು, ದೂರ ಹಿಡಿದು, "ಇಷ್ಟು ಸಣ್ಣ ಮಂದಿ ಇಷ್ಟು ದೊಡ್ಡ ಜಗಳ ಆಡ್ತಾರಲ್ಲೋ" ಎಂದು ವಾಪಸ್ ಕೊಟ್ಟಳು. ಕೊನೆಗೆ ನಾನು ಡಿಶ್ ಹಾಕಿಸುವುದೆಂದು ತೀರ್ಮಾನಿಸಿದೆ.

ಇಲ್ಲಿಂದ ಶುರುವಾಯಿತು ದಿಕ್ಕಿನ ಪ್ರಶ್ನೆ.

ದಾವಣಗೆರೆಯ ನಮ್ಮ ಎಸ್.ಎಸ್. ಬಡಾವಣೆಯಲ್ಲಿ ಸೈಟು ಕೊಳ್ಳಲು ಬರುವವರು ಮೊದಲು ಕೇಳುವುದು ಅಳತೆಯನ್ನಲ್ಲ, ಮುಖವನ್ನು. ಪೂರ್ವದ್ದೋ ಉತ್ತರದ್ದೋ ಎಂದು ಗೊತ್ತಾದ ಮೇಲೇ ಉಳಿದ ಮಾತು. ದಕ್ಷಿಣ ಮುಖದ ಸೈಟಿನ ಮುಂದೆ ನಿಂತವರು ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ರೇಟು ವಿಚಾರಿಸುತ್ತಾರೆ. ನಮ್ಮ ಅಪ್ಪನೂ ಹೆಚ್ಚಿಗೆ ದುಡ್ಡು ಸುರಿದು ಪೂರ್ವ ಮುಖದ್ದನ್ನೇ ಹಿಡಿದಿದ್ದರು. ಇಷ್ಟೆಲ್ಲ ಕಾಳಜಿಯಿಂದ ಕಟ್ಟಿದ ಬಡಾವಣೆಯನ್ನು ಒಮ್ಮೆ ತಾರಸಿ ಹತ್ತಿ ನೋಡಬೇಕು. ಕೆಳಗೆ ಮನೆಗಳು ಪೂರ್ವಕ್ಕೆ, ಉತ್ತರಕ್ಕೆ ಮುಖ ಮಾಡಿ ನಿಂತಿದ್ದರೆ ಅವುಗಳ ನೆತ್ತಿಯ ಮೇಲಿನ ತಟ್ಟೆಗಳು ಒಂದೂ ಬಿಡದೆ ದಕ್ಷಿಣದ ಕಡೆ ತಿರುಗಿ, ತುಸು ಪೂರ್ವಕ್ಕೆ ವಾಲಿ ಕೂತಿವೆ!

ಅದಕ್ಕೆ ಕಾರಣ ಉಂಟು. ಟಿವಿಯ ಉಪಗ್ರಹಗಳು ಭೂಮಧ್ಯರೇಖೆಯ ನೆತ್ತಿಯಲ್ಲಿ 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೇ ಹೆಜ್ಜೆ ಹಾಕುತ್ತ ಸುತ್ತುತ್ತವೆ. ಹಾಗಾಗಿ ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ಭೂಮಧ್ಯರೇಖೆ ನಮಗೆ ದಕ್ಷಿಣಕ್ಕಿದೆ. ದಾವಣಗೆರೆ ಇರುವುದು 76 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ನಮ್ಮ ದೇಶದ ಡಿಶ್ ಕಂಪನಿಗಳು ನೆಚ್ಚಿಕೊಂಡ ಉಪಗ್ರಹಗಳು 83 ಡಿಗ್ರಿಯಿಂದ ಆಚೆಗೆ ಸಾಲಾಗಿ ನಿಂತಿವೆ. ಯಾವ ಕಂಪನಿಯದನ್ನು ಹಾಕಿಸಿದರೂ ದಿಕ್ಕು ಆಗ್ನೇಯದ ಆಸುಪಾಸು. ಇನ್ಸಾಟ್, ಜಿಸ್ಯಾಟ್‌ಗಳು ನಿಂತ ಜಾಗ ಬಿಟ್ಟು ಕದಲದಂತೆ ಕಾಯುವವರು ಹಾಸನದಲ್ಲಿದ್ದಾರೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲೇ ಇದೆ. ಇದನ್ನೆಲ್ಲ ಮಗ ಅಜ್ಜಿಗೆ ವಿವರಿಸಿದ.

"ದಕ್ಷಿಣ ಅಂದ್ರ ಯಮನ ದಿಕ್ಕು. ನಮ್ಮ ಹಿರೇರು ಇರೋ ದಿಕ್ಕು. ಅತ್ತಾಗ ಮಾರಿ ಮಾಡಿ ಅಷ್ಟು ದೊಡ್ಡ ಪರಾತ ಹಿಡಕೊಂಡು ಕುಂತ್ರ, ಅವರು ಏನಂತ ತಿಳ್ಕೋಬೇಕು?" ಅಂದಳು ಅವ್ವ.

ಹಾಸನದವರ ಹತ್ತಿರ ಇದಕ್ಕೆ ಉತ್ತರ ಇರಲಾರದು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹತ್ತಿರ ಇತ್ತು. ಅವರು ವಾಸ್ತು ಬಲ್ಲವರು. "ಆಗ್ನೇಯ ಅಂದ್ರೆ ಅಗ್ನಿಮೂಲೆ ಅಮ್ಮಾರೆ. ಅಡುಗೆಮನೆ, ಕರೆಂಟ್ ಮೀಟರು ಇಡೋ ಜಾಗ. ಟಿವಿನೂ ಬೆಂಕಿನೇ ಅಲ್ವಾ? ರಾತ್ರಿ ಒಂಬತ್ತು ಗಂಟೆ ಚರ್ಚೆ ನೋಡಿ, ಗೊತ್ತಾಗ್ತದೆ" ಎಂದು ಒಂದೇ ಮಾತಿನಲ್ಲಿ ಪರವಾನಗಿ ಕೊಟ್ಟರು.

ಅವ್ವನಿಗೆ ಡಿಶ್ ಹೊಸದೇನಲ್ಲ ಎಂದು ತಿಳಿದದ್ದು ಆ ರಾತ್ರಿ. ಅವಳ ತೌರು ರಾಯಚೂರು ಸೀಮೆಯ ಹಳ್ಳಿ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ನಾಸಾದವರಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ಇಸ್ರೋ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತ್ತು. 'ಸೈಟ್' ಎಂದು ಆ ಪ್ರಯೋಗದ ಹೆಸರು. ನಮ್ಮ ಬಡಾವಣೆಯ ಸೈಟಿಗೂ ಅದಕ್ಕೂ ಸಂಬಂಧವಿಲ್ಲ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಸಿಕ್ಕಿತು. ಬೆಂಗಳೂರಿನ ದೊಡ್ಡ ದೊಡ್ಡ ಬಂಗಲೆಯವರು ರೇಡಿಯೋದ ಕಿವಿ ಹಿಂಡುತ್ತಿದ್ದಾಗ, ಅವ್ವ ಶಾಲೆಯ ಅಂಗಳದಲ್ಲಿ ಚಾಪೆ ಹಾಸಿಕೊಂಡು ಉಪಗ್ರಹದಿಂದ ನೇರ ಟಿವಿ ನೋಡಿದವಳು.

"ಆವಾಗಿಂದು ಡಿಶ್ ಅಂದ್ರ ಕಣದಷ್ಟು ಅಗಲ. ಕೋಳಿ ಬಲಿ ಹೊಡದು ಮಾಡಿದ್ರು. ಗೊಬ್ಬರ ಹ್ಯಾಂಗ ಹಾಕ್ಬೇಕು, ಕೂಸಿಗೆ ಏನು ಉಣಸ್ಬೇಕು, ಎಲ್ಲಾ ಹೇಳ್ತಿದ್ರು. ಒಂದು ವರ್ಷ ತೋರಿಸಿ, ರುಚಿ ಹತ್ತೋದ್ರಾಗ ಅಮೇರಿಕದವ್ರು ಕಸ್ಗೊಂಡು ಹ್ವಾದ್ರು ನೋಡು."

ಕೋಳಿ ಬಲೆಯ ಮಾತು ನಾನು ನಂಬಲಿಲ್ಲ. ಮಗ ಮೊಬೈಲಿನಲ್ಲಿ ತೆಗೆದು ನೋಡಿ "ಅಜ್ಜಿ ಹೇಳಿದ್ದು ನಿಜ" ಅಂದ. ಹತ್ತಡಿ ಅಗಲದ ತಟ್ಟೆ, ಕೋಳಿಗೂಡಿಗೆ ಹೊಡೆಯುವ ತಂತಿ ಬಲೆಯದು. ಆ ಕಾಲದ ಅಲೆ ಒಂದಡಿಗಿಂತ ಉದ್ದ; ಬಲೆಯ ತೂತಿನಲ್ಲಿ ನುಸುಳಿ ಹೋಗುವಂತಿರಲಿಲ್ಲ. ಈಗಿನ ಅಲೆ ಒಂದಂಗುಲ ಮಾತ್ರ. ಅದಕ್ಕೆ ತೂತಿಲ್ಲದ ತಗಡೇ ಬೇಕು.

ಡಿಶ್ ಹಾಕಲು ಬರುವವರು ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಬರುತ್ತೇವೆ ಎಂದಿದ್ದರು. ಹತ್ತೂವರೆಗೆ ಫೋನ್ ಬಂತು. "ಸರ್, ಮನೆ ಎಲ್ಲೈತ್ರಿ? ಲೊಕೇಶನ್ ಹಾಕ್ರಿ." ಹಾಕಿದೆ. ಅವರು 'ಎ' ಬ್ಲಾಕಿಗೆ ಹೋದರು. ನಾವಿರುವುದು 'ಬಿ' ಬ್ಲಾಕಿನಲ್ಲಿ. ಇನ್ನೊಂದು ಗಂಟೆ ಸುಳಿವಿಲ್ಲ. ನಾನೇ ಫೋನ್ ಮಾಡಿದರೆ ಹಿನ್ನೆಲೆಯಲ್ಲಿ ಹಂಚಿನ ಮೇಲೆ ಚುಂಯ್ ಎಂಬ ಸದ್ದು. ದಾವಣಗೆರೆಯಲ್ಲಿ ಆ ಸದ್ದು ಕೇಳಿದ ಮೇಲೆ ಯಾರೂ ಯಾರಿಗೂ ಅವಸರ ಮಾಡುವುದಿಲ್ಲ. "ನಿಧಾನಕ್ಕೆ ತಿಂದು ಬನ್ರಪ್ಪ" ಅಂದೆ. ಉಪಗ್ರಹಕ್ಕೆ ಹೋಗಿ ಮರಳುವ ಸುಮಾರು 72,000 ಕಿಲೋಮೀಟರ್ ಹಾದಿಯನ್ನು ಧಾರಾವಾಹಿಯ ಸೊಸೆ ಕಾಲು ಸೆಕೆಂಡಿನಲ್ಲಿ ಮುಗಿಸುತ್ತಾಳಂತೆ. ಅವಳ ದಾರಿಯಲ್ಲಿ ಬೆಣ್ಣೆ ದೋಸೆ ಹೋಟೆಲು ಇಲ್ಲ.

ಒಂದು ಗಂಟೆಗೆ ಬೈಕ್ ಬಂತು. ಮುಂದೆ ಹಿರಿಯವ, ಹಿಂದೆ ತಟ್ಟೆಯನ್ನು ಗುರಾಣಿಯಂತೆ ಹಿಡಿದ ಕಿರಿಯವ. ತಾರಸಿಗೆ ಹೋದೆವು. ಅಲ್ಲಿ ಆಗ್ನೇಯ ಮೂಲೆಯಲ್ಲಿ ನನ್ನ ಹೆಂಡತಿಯ ಸಂಡಿಗೆ ಒಣಗುತ್ತಿತ್ತು.

"ಇದನ್ನ ಸ್ವಲ್ಪ ಆಕಡೆ ಎತ್ತಿಡ್ರಿ ಅಕ್ಕಾರೆ."

"ಆಕಡೆ ಮಧ್ಯಾಹ್ನದ ಬಿಸಿಲಿಗೆ ಸಿಂಟೆಕ್ಸ್ ನೆರಳು ಬೀಳ್ತದೆ. ನಿಮ್ಮ ತಟ್ಟೆನೇ ಆಕಡೆ ಇಡಿ."

"ಆಕಡೆ ಇಟ್ರೆ ಸಿಂಟೆಕ್ಸು ನಮಗೂ ಅಡ್ಡ ಬರ್ತದಕ್ಕಾ."

ಸೋಲಾರ್ ಹೀಟರಿಗೂ ದಕ್ಷಿಣ ಬೇಕು, ಸಂಡಿಗೆಗೂ ಬೇಕು, ಡಿಶ್ಶಿಗೂ ಬೇಕು. ಇಡೀ ಮನೆ ಬೇಡವೆಂದ ದಿಕ್ಕಿಗೆ ತಾರಸಿಯ ಮೇಲೆ ಇಷ್ಟು ಬೇಡಿಕೆ! ಕೊನೆಗೆ ಸಂಡಿಗೆ ನಾಲ್ಕಡಿ ಸರಿಯಿತು. ಅದಕ್ಕೆ ಪ್ರತಿಯಾಗಿ ತಟ್ಟೆಯ ಕಾಲಿಗೆ ತಾರಸಿಯಲ್ಲಿ ತೂತು ಕೊರೆಯಬಾರದು, ಮಳೆ ನೀರು ಇಳಿಯುತ್ತದೆ, ಸೈಜುಗಲ್ಲು ಹೇರಿ ನಿಲ್ಲಿಸಬೇಕು ಎಂದು ಒಪ್ಪಂದವಾಯಿತು. ಮಳೆ ನೀರಿನ ಬಗ್ಗೆ ನನ್ನ ಹೆಂಡತಿಯ ಮುನ್ನೆಚ್ಚರಿಕೆ ಸರಿಯಾಗಿತ್ತು. ಸೊಳ್ಳೆಯ ಬಗ್ಗೆ ಯಾರೂ ಯೋಚಿಸಲಿಲ್ಲ. ವೈರನ್ನು ಕಿಟಕಿಯ ಸೊಳ್ಳೆ ಪರದೆಗೆ ತೂತು ಮಾಡಿ ಒಳಗೆ ಬಿಟ್ಟರು. ಕುಂದವಾಡ ಕೆರೆಯ ಕಡೆಯಿಂದ ಬರುವ ಅತಿಥಿಗಳಿಗೆ ಅಂದಿನಿಂದ ನಮ್ಮ ಮನೆಗೆ ಪ್ರತ್ಯೇಕ ಬಾಗಿಲು.

ಜೋಡಣೆ ಫ್ರೀ ಎಂದಿದ್ದರು. ಫ್ರೀ ನಿಜವೇ, ಹತ್ತು ಮೀಟರ್ ವೈರಿನವರೆಗೆ. ನಮ್ಮ ಟಿವಿ ಇದ್ದದ್ದು ಹದಿನೆಂಟನೇ ಮೀಟರಿನಲ್ಲಿ. ಕಿರಿಯವನು ಮಿಕ್ಕ ವೈರು, ಒಂದು ಕ್ಲಾಂಪು ತರಲು ಪೇಟೆಗೆ ಹೋದ. ಇದ್ದ ವೈರಿಗೇ ಹಳೆಯ ತುಂಡೊಂದನ್ನು ಗಂಟು ಹಾಕಿ ಹಿರಿಯವನು ಸಿಗ್ನಲ್ ಹಿಡಿಯಲು ಕೂತ. ಸಹಾಯಕನಿಲ್ಲದ ಕಾರಣ ಇಡೀ ಕುಟುಂಬವೇ ಕೆಲಸಕ್ಕೆ ಇಳಿಯಿತು. ತಾರಸಿಯಲ್ಲಿ ಅವನು, ಮೆಟ್ಟಿಲ ತಿರುವಿನಲ್ಲಿ ನಾನು, ಅಡುಗೆಮನೆ ಬಾಗಿಲಲ್ಲಿ ಹೆಂಡತಿ, ಟಿವಿ ಮುಂದೆ ಅವ್ವ. ಅವನು "ಬಂತಾ?" ಅಂದರೆ ನಾನು "ಬಂತಾ?" ಅನ್ನಬೇಕು, ನನ್ನ "ಬಂತಾ?" ಹೆಂಡತಿ ಮುಟ್ಟಿಸಬೇಕು, ಅವ್ವನ ತೀರ್ಪು ಅದೇ ದಾರಿಯಲ್ಲಿ ಮೇಲೇರಬೇಕು.

ಪರದೆಯ ಮೇಲೆ ಎರಡು ಪಟ್ಟಿ. ಒಂದು ಸಿಗ್ನಲ್ಲಿನ ಬಲ, ಇನ್ನೊಂದು ಗುಣ. ಬಲದ ಪಟ್ಟಿ ತಟ್ಟೆಯನ್ನು ಎತ್ತ ತಿರುಗಿಸಿದರೂ ಉಬ್ಬಿಕೊಂಡೇ ಇರುತ್ತದೆ. ಗುಣದ ಪಟ್ಟಿ ಸೊನ್ನೆ ಬಿಟ್ಟು ಏಳುವುದಿಲ್ಲ. (ಇಂಥವರನ್ನು ನಾವು ಓಟು ಹಾಕಿ ಆರಿಸಿ ಕಳಿಸಿದ್ದೂ ಉಂಟು.) ತಟ್ಟೆ ಒಂದು ಡಿಗ್ರಿ ಅತ್ತಿತ್ತ ಆದರೆ ಮೇಲೆ ಉಪಗ್ರಹದ ಎತ್ತರದಲ್ಲಿ ಗುರಿ 600 ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬಂದರೂ ಮಿಗುವಷ್ಟು ದೂರ. ಅದನ್ನೆಲ್ಲ ಅವನು ಸ್ಪ್ಯಾನರ್ ಹಿಡಿದು ಉಗುರಿನಷ್ಟು ಉಗುರಿನಷ್ಟೇ ಸರಿಸುತ್ತಿದ್ದ.

"ಬಂತಾ?"

"ಬಂತು!" ಅಂದಳು ಅವ್ವ. ಮೇಲಿದ್ದವನು ಬೋಲ್ಟು ಬಿಗಿದ. ಬಂದದ್ದು ಬಲದ ಪಟ್ಟಿ. ಬಿಚ್ಚಿದ.

"ಬಂತಾ?"

"ಬಂತು ಬಂತು!" ಹೆಂಡತಿ ಚೀರಿದಳು. ಅವನು ಮತ್ತೆ ಬಿಗಿದ. ಒಲೆಯ ಮೇಲಿನ ಹಾಲು ಉಕ್ಕಿ ಬಂದಿತ್ತು. ಬಿಚ್ಚಿದ.

ಮೂರನೇ ಸಲ ನಾನು ತಿರುವಿನಿಂದ "ಬಂತಾ?" ಎಂದು ಕೂಗಿದ್ದು ಬೀದಿಗೂ ಕೇಳಿ, "ಬಂದೆನ್ರೀ ಅಮ್ಮಾ, ಮಲ್ಲಿಗೆ ಎಷ್ಟು ಮೊಳ ಕೊಡ್ಲಿ?" ಎಂದು ಹೂವಿನಾಕೆ ಗೇಟು ತೆಗೆದಳು. ಅವಳ ದನಿ ನಮ್ಮೆಲ್ಲರಿಗಿಂತ ಗಟ್ಟಿ. ಅವನು ಅದನ್ನೇ ನಂಬಿ ಬಿಗಿದ. ನಾನು ಮೇಲೆ ಓಡಿ ತಪ್ಪೊಪ್ಪಿಕೊಳ್ಳುವಷ್ಟರಲ್ಲಿ ಕೆಳಗಿನಿಂದ ಹಾರ್ಮೋನಿಯಂ, ತಬಲ, ಗಾಳಿ ಬೀಸಿ ಸೆರಗು ಹಾರಿದ ಸದ್ದು. ಹೂವಿನಾಕೆಯ ಕೈಗುಣದಿಂದ ಸಿಗ್ನಲ್ಲು ಬಂದೇ ಬಿಟ್ಟಿತ್ತು. ಅವಳೂ ಒಳಗೆ ಬಂದು ಅವ್ವನ ಪಕ್ಕ ಕೂತು ಅರ್ಧ ಸಂಚಿಕೆ ನೋಡಿ ಹೋದಳು. ಮಾವ ಹಾಲು ಕುಡಿದಿರಲಿಲ್ಲವಂತೆ. ಬೆಕ್ಕು ಕುಡಿದಿತ್ತಂತೆ.

ಸಂಜೆ ಎದುರುಗಡೆ ಮನೆಯ ಯಜಮಾನರು ಬಂದರು. "ನಿಮ್ಮ ಡಿಶ್ಶು ನೇರ ನಮ್ಮ ಮಹಡಿ ಕಿಟಕಿ ನೋಡ್ತಾ ಐತಲ್ಲ ಸರ್." ಇದಕ್ಕೂ ಮಗನೇ ಉತ್ತರ ಕೊಡಬೇಕಾಯಿತು. ಈ ತಟ್ಟೆ ಕಾಣುವಷ್ಟು ಸರಳ ಪ್ರಾಣಿಯಲ್ಲ. ಅದರ ಮುಖ ನಮಗೆ ಎತ್ತ ಕಾಣುತ್ತದೋ ಅದಕ್ಕಿಂತ ಇಪ್ಪತ್ತು ಡಿಗ್ರಿಗೂ ಮೇಲೆ ಅದರ ನೋಟ ಇರುತ್ತದೆ. ಮುಂದೆ ಚಾಚಿದ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ನಟ್ಟನಡುವೆ ಇರದೆ ಕೆಳಗಿರುವುದು ಅದಕ್ಕೇ. ತಲೆ ತಗ್ಗಿಸಿ ನಡೆಯುತ್ತ ಎಲ್ಲವನ್ನೂ ಹುಬ್ಬಿನ ಸಂದಿಯಿಂದ ನೋಡುವ ಸಭ್ಯಸ್ಥರ ಹಾಗೆ. ಯಜಮಾನರು ಒಪ್ಪಿದರು, ಆದರೂ ಮರುದಿನ ಅವರ ಕಿಟಕಿಗೆ ಹೊಸ ಪರದೆ ಬಂತು.

ಚಾನೆಲ್ಲುಗಳ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. 2019ರ ಫೆಬ್ರವರಿಯಿಂದ ನಮಗೆ ಬೇಕಾದದ್ದನ್ನು ನಾವೇ ಆರಿಸಿಕೊಳ್ಳಬಹುದು ಎಂಬ ನಿಯಮ ಬಂದಿದೆ. ಆರಿಸಲು ಕೂತೆವು, ಅರ್ಧ ಗಂಟೆಗೆ ಜಗಳವಾಯಿತು, "ನೀವೇ ಯಾವುದಾದ್ರೂ ಹಾಕ್ರಿ" ಅಂದೆವು. ಈಗ ನಮ್ಮ ಮನೆಗೆ ಭೋಜಪುರಿ ಚೆನ್ನಾಗಿ ಬರುತ್ತದೆ.

ನಾಲ್ಕು ದಿನಕ್ಕೆ ಉತ್ತರೆ ಮಳೆ ಸುರಿಯಿತು. ಒಂದಂಗುಲದ ಅಲೆಗೆ ಮಳೆಹನಿ ದೊಡ್ಡ ಅಡ್ಡಗಾಲು. ದಾವಣಗೆರೆ ಜಿಲ್ಲೆಯಲ್ಲಿ ಭಾರಿ ಮಳೆ ಎಂದು ಓದುತ್ತಿದ್ದ ಹೆಣ್ಣುಮಗಳು 'ಭಾರಿ' ಎಂಬಲ್ಲಿಗೆ ಚೌಕ ಚೌಕವಾಗಿ ಒಡೆದು ಮಾಯವಾದಳು. ಅವ್ವ ಕಿಟಕಿಯ ಹೊರಗೆ ನೋಡಿ ಮಿಕ್ಕ ಸುದ್ದಿ ತಿಳಿದುಕೊಂಡಳು.

ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಗಾಂಧಿ ಜಯಂತಿಯ ರಜೆ, ಮಗ ಮನೆಯಲ್ಲೇ ಟಿವಿ ಮುಂದೆ ಒರಗಿದ್ದ. ಹಿರಿಯರಿಗೆ ಎಡೆ ಮಾಡಿ, ಬಾಳೆ ಎಲೆ ಹಿಡಿದು ನಾನೂ ಅವ್ವನೂ ತಾರಸಿಗೆ ಹೋದೆವು. ಅಪ್ಪನಿಗೆ ಇಷ್ಟ ಎಂದು ಕರಿದ ಸಂಡಿಗೆಯೂ ಎಡೆಯಲ್ಲಿತ್ತು. ಇಟ್ಟು ಕಾದೆವು. ಬೇರೆ ದಿನ ಸಂಡಿಗೆಗೆ ಮುತ್ತುವ ಕಾಗೆಗಳು ಅಂದು ಒಂದೂ ಇಲ್ಲ. ಎಲ್ಲರ ತಾರಸಿಯಲ್ಲೂ ಎಡೆ ಇಟ್ಟಿದ್ದರು; ಎಸ್.ಎಸ್. ಬಡಾವಣೆಯ ಕಾಗೆಗಳಿಗೆ ಅಂದು ನೂರಾರು ಕಡೆ ಊಟದ ಕರೆ. ಬಿಸಿಲು ನೆತ್ತಿಗೆ ಬರತೊಡಗಿತು. ಹನ್ನೊಂದೂವರೆ ದಾಟಿತ್ತು.

ಕೆಳಗಿನಿಂದ ಮಗ ಕೂಗಿದ: "ಅಪ್ಪಾ, ಸಿಗ್ನಲ್ ಹೋಯ್ತು! ಮಳೆನೂ ಇಲ್ಲ!" ಆಮೇಲೆ ತಾನೇ ಮೇಲೆ ಬಂದು ಆಕಾಶ ನೋಡಿ ಹೇಳಿದ. ವರ್ಷಕ್ಕೆ ಎರಡು ಸಲ, ವಿಷುವತ್ತಿನ ಆಸುಪಾಸಿನ ಕೆಲವು ದಿನ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಲ್ಲುತ್ತಾನಂತೆ. ಅವನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಕೇಳಿಸುವುದಿಲ್ಲ, ಕೆಲವೇ ನಿಮಿಷ, ತಾನಾಗಿ ಸರಿಹೋಗುತ್ತದೆ.

ಅವ್ವ ಅವನ ಮಾತು ಕೇಳುತ್ತಿರಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ್ದ ತಟ್ಟೆಯ ಕೋಲಿನ ಮೇಲೆ, ಎಲ್‌ಎನ್‌ಬಿಯ ಹಿಂದೆ, ಒಂದು ಕಾಗೆ ಬಂದು ಕೂತಿತ್ತು. ಕತ್ತು ಓರೆ ಮಾಡಿ ಒಮ್ಮೆ ಎಲೆಯನ್ನು, ಒಮ್ಮೆ ತಟ್ಟೆಯ ಒಳಗನ್ನು ನೋಡುತ್ತಿತ್ತು. ಅಪ್ಪ ಪೇಪರ್ ಓದುವಾಗ ಕಾಫಿ ಕಡೆ ನೋಡುತ್ತಿದ್ದದ್ದೂ ಹೀಗೆಯೇ.

ಮಗ ಅದನ್ನು ಎಬ್ಬಿಸಲು ಕೈ ಎತ್ತಿದ. "ಸುಮ್ನಿರಪಾ, ವಾರ್ತಾ ನೋಡಾಕತ್ತಾರ" ಎಂದು ಅವ್ವ ಅವನ ಕೈ ಹಿಡಿದಳು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು.

"ಬಂತಾ?"

ಕಾಗೆ ಹಾರಿ ಎಲೆಗೆ ಇಳಿದು ಸಂಡಿಗೆ ಕಚ್ಚಿತು. ಕೆಳಗೆ ಟಿವಿಯಲ್ಲಿ ಯಾರೋ ಭೋಜಪುರಿಯಲ್ಲಿ ಹಾಡಲು ಶುರುಮಾಡಿದರು.

"ಬಂತು" ಅಂದೆ.