ಚೋರಟೆಯೊಂದಿಗೆ ಒಂದು ಸುತ್ತು ಮಾತು

ಸಂದರ್ಶನಕ್ಕೆ ಒಪ್ಪಿದ್ದು ಅಡಿಕೆ ತೋಟದ ಸೊಪ್ಪಿನಡಿಯಲ್ಲಿ ವಾಸವಿರುವ ಒಂದು ಚೋರಟೆ. ಶರತ್ತು ಒಂದೇ: ಮುಟ್ಟಬಾರದು. ಮುಟ್ಟಿದರೆ ಚಕ್ಕುಲಿಯಾಗಿ ಸುತ್ತಿಕೊಳ್ಳುತ್ತದೆ, ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ನೀವು ಚೋರಟೆಗಳೆಲ್ಲ ಒಂದೇ ನಮೂನೆ. ಉದ್ದನೆಯ ಕಪ್ಪು ಮೈ, ಅದರಡಿ ಲೆಕ್ಕವಿಲ್ಲದಷ್ಟು ಕಾಲು. ಇದರಲ್ಲಿ ಕೇಳುವಂಥದ್ದೇನಿದೆ?

ಚೋರಟೆ: ಏನೂ ಇಲ್ಲದಿದ್ದರೆ ತಾವು ಮಂಡಿಯೂರಿ ಕೂತದ್ದೇಕೆ ಸ್ವಾಮಿ? ನಮ್ಮಲ್ಲಿ ವಿಜ್ಞಾನಿಗಳು ಹೆಸರಿಟ್ಟ ಪ್ರಭೇದಗಳೇ ಸುಮಾರು 12,000. ನನ್ನಂಥ ಉರುಟು ಮೈಯವರು ತಲೆಯಿಂದ ಮಣ್ಣು ಗುದ್ದಿಕೊಂಡು ಹೋಗುವವರು. ಎರಡು ಖಂಡಗಳು ಬೆಸೆದು ನಮ್ಮ ಒಂದು ಉಂಗುರವಾಗಿದೆ, ಹಾಗಾಗಿ ಉಂಗುರಕ್ಕೆ ಎರಡು ಜೊತೆ ಕಾಲು. ಕಾಲು ಹೆಚ್ಚಿದಷ್ಟೂ ತಳ್ಳುವ ಬಲ ಹೆಚ್ಚು. ಕೀಲು ಕಡಿಮೆಯಾದಷ್ಟೂ ಮೈ ಮಡಚಿಕೊಳ್ಳುವ ಭಯ ಕಡಿಮೆ. ಚಪ್ಪಟೆ ಬೆನ್ನಿನವರ ದಾರಿಯೇ ಬೇರೆ. ಅವರಿಗೆ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು ಉಂಗುರ, ಎರಡೂ ಪಕ್ಕಕ್ಕೆ ಚಾಚಿದ ಅಂಚು, ಕಣ್ಣೇ ಇಲ್ಲ. ಒದ್ದೆ ಎಲೆಗಳ ಪದರದೊಳಗೆ ಮೂತಿ ತೂರಿಸಿ, ಕಾಲೂರಿ ಬೆನ್ನೆತ್ತಿ, ಸಂದನ್ನು ಅಗಲಿಸಿಕೊಂಡು ನುಗ್ಗುತ್ತಾರೆ. ಪಶ್ಚಿಮ ಘಟ್ಟದ ಆರ್ತ್ರೋಸ್ಫೇರಾ ಗುಂಪಿನವರು ಮುದುಡುವುದರಲ್ಲಿ ಪಳಗಿದವರು. ತಲೆ, ಕಾಲು, ಹೊಟ್ಟೆ ಎಲ್ಲವನ್ನೂ ಒಳಗಿಟ್ಟು ಉಂಡೆಯಾಗುತ್ತಾರೆ. ತೊಗಟೆಯ ಸಂದಿನಲ್ಲಿರುವ ಪಾಲಿಕ್ಸೆನಸ್ ಕೆಲವೇ ಮಿಲಿಮೀಟರ್ ಉದ್ದ. ಅದಕ್ಕೆ ಗಟ್ಟಿ ಕವಚವಿಲ್ಲ, ಮೈತುಂಬ ಬಿರುಗೂದಲು. ಇರುವೆ ಮೇಲೆ ಬಿದ್ದರೆ ಹಿಂಭಾಗದ ಕೊಕ್ಕೆಗೂದಲಿನ ಕುಚ್ಚನ್ನು ಅದರ ಮೈಗೆ ಒರೆಸಿಬಿಡುತ್ತದೆ. ಇರುವೆ ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಸಿಕ್ಕು ಬಿಗಿಯಾಗುತ್ತದೆ. ಜಾಗದ ಇಕ್ಕಟ್ಟು ಎಂಥದೋ ಮೈಕಟ್ಟು ಅಂಥದು, ಇದು ನನ್ನ ವಾದ.

ಪ್ರಶ್ನೆ: ಆದರೆ ಹೂಕುಂಡ ಎತ್ತಿದರೆ ಸಿಗುವ ವುಡ್‌ಲೌಸ್‌ಗಳಲ್ಲೂ ಕೆಲವು ಉಂಡೆಯಾಗುತ್ತವೆ. ಅವು ಏಡಿ, ಸಿಗಡಿಗಳ ಬಳಗ. ಹಾಗಿದ್ದಮೇಲೆ ಆಕಾರವನ್ನು ನಂಬುವುದು ಹೇಗೆ?

ಚೋರಟೆ: ನಂಬಿ, ಅದು ಹೇಳುವ ಸಂಗತಿಯ ಮಟ್ಟಿಗೆ. ಆಕಾರ ಕಸುಬನ್ನು ಹೇಳುತ್ತದೆ, ವಂಶವನ್ನಲ್ಲ. ಒಣಗುವ ಭಯ, ಬೇಟೆಗಾರರ ಭಯ ಇಬ್ಬರಿಗೂ ಇತ್ತು. ಹತ್ತಿರದ ನಂಟಿಲ್ಲದ ಇಬ್ಬರೂ ಒಂದೇ ಉಪಾಯಕ್ಕೆ ಬಂದು ನಿಂತರು. ಇದು ನನ್ನ ವಾದಕ್ಕೆ ಸಾಕ್ಷಿಯೇ ಹೊರತು ತಕರಾರಲ್ಲ. ವಂಶವೇ ಬೇಕಿದ್ದರೆ ಕಾಲು ಎಣಿಸಿ. ವುಡ್‌ಲೌಸ್‌ಗೆ ಇರುವುದು ಏಳೇ ಜೊತೆ. ನಮ್ಮೊಳಗಿನ ಪ್ರಭೇದ ತಿಳಿಯಲು ವಿಜ್ಞಾನಿಗಳು ಗಂಡಿನ ಕೂಡುವ ಕಾಲುಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ನಮ್ಮಲ್ಲಿ ಬಹುತೇಕರಿಗೆ ಅವು ಏಳನೇ ಉಂಗುರದಲ್ಲಿವೆ. ಮೈಬಣ್ಣ, ಮೈಕಟ್ಟು ನೋಡಿ ಕುಲ ಹೇಳಿಬಿಡುವ ಚಟ ನಿಮ್ಮವರದು. ನಿಮ್ಮ ವಿಜ್ಞಾನಿಗಳಾದರೂ ನಮ್ಮ ವಿಷಯದಲ್ಲಿ ಅಷ್ಟು ಅವಸರ ಮಾಡುವುದಿಲ್ಲ.

ಪ್ರಶ್ನೆ: ಇಕ್ಕಟ್ಟು ವಿಪರೀತವಾದರೆ?

ಚೋರಟೆ: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಖನಿಜ ಹುಡುಕಲು ಕೊರೆದ ಒಂದು ರಂಧ್ರದ 60 ಮೀಟರ್ ಆಳದಲ್ಲಿ ನಮ್ಮವರೊಬ್ಬರು ಸಿಕ್ಕರು. ಯೂಮಿಲ್ಲಿಪೀಸ್ ಪರ್ಸೆಫೋನೆ ಎಂದು 2021ರಲ್ಲಿ ನಾಮಕರಣವಾಯಿತು. ಅಗಲ ಒಂದು ಮಿಲಿಮೀಟರಿಗೂ ಕಡಿಮೆ, ಉದ್ದ ಹತ್ತು ಸೆಂಟಿಮೀಟರಿಗೂ ಕಡಿಮೆ, ಕಾಲು 1,306. ಕಣ್ಣಿಲ್ಲ, ಬಣ್ಣವಿಲ್ಲ, ಆ ಕತ್ತಲಲ್ಲಿ ಅವನ್ನು ಇಟ್ಟುಕೊಂಡು ಮಾಡುವುದಾದರೂ ಏನು?

ಪ್ರಶ್ನೆ: ಜಾಗಕ್ಕೆ ತಕ್ಕಂತೆ ಮೈ ಬದಲಿಸಬಲ್ಲವರು ನೀವು. ನಾವು ತೋಟ ಗುಡಿಸಿ ಕಾಂಕ್ರೀಟ್ ಹಾಕಿದರೆ ಅದಕ್ಕೂ ಹೊಂದಿಕೊಳ್ಳಬಹುದಲ್ಲ?

ಚೋರಟೆ: ಹೊಂದಿಕೊಳ್ಳಲು ನಮಗೆ ಕೋಟ್ಯಂತರ ವರ್ಷ ಹಿಡಿಯಿತು, ನಿಮ್ಮ ಜೆಸಿಬಿಗೆ ಒಂದು ಮಧ್ಯಾಹ್ನ ಸಾಕು. ತರಗೆಲೆ ಸುಟ್ಟರೆ ಚಪ್ಪಟೆ ಬೆನ್ನಿನವರು ಬೀದಿಗೆ ಬಿದ್ದರು. ಹಳೇ ಮರ ಕಡಿದರೆ ತೊಗಟೆಯವರು ಹೋದರು. ಎಲ್ಲ ಕಡೆ ಒಂದೇ ಬಗೆಯ ನೆಲ ಮಾಡಿಟ್ಟರೆ ಒಂದೇ ಬಗೆಯ ಹುಳು ಉಳಿದೀತು, ಅದೂ ಅದೃಷ್ಟವಿದ್ದರೆ. ಕೊಳೆತ ಸೊಪ್ಪು ತಿಂದು ಗೊಬ್ಬರ ಮಾಡಿಕೊಡುವ ನಾವು ಇದುವರೆಗೆ ಕೂಲಿ ಕೇಳಿದವರಲ್ಲ. ಕೇಳುವುದು ಇಷ್ಟೇ: ತೋಟದ ಒಂದು ಮೂಲೆಯಲ್ಲಾದರೂ ತರಗೆಲೆ, ಕೊಳೆತ ದಿಮ್ಮಿ ಇದ್ದಂತೆಯೇ ಇರಲಿ. ಮಳೆಗಾಲದಲ್ಲಿ ನಾವು ಹೊಸಿಲ ಬಳಿ ಕಂಡರೆ ತುಳಿಯಬೇಡಿ. ಬರಿಗೈಯಲ್ಲಿ ಹಿಡಿಯಲೂಬೇಡಿ, ನಮ್ಮಲ್ಲಿ ಹಲವರ ರಸಕ್ಕೆ ಚರ್ಮ ಉರಿಯುತ್ತದೆ, ಕಲೆಯಾಗುತ್ತದೆ. ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಸೊಪ್ಪಿನ ರಾಶಿಗೆ ಬಿಟ್ಟುಬಿಡಿ.