ಬಿಡಾರ ಬಿಡದ ಬಾಡಿಗೆದಾರ

ಕಮಡೋರ್ ಕಂಪನಿ 1987ರಲ್ಲಿ ಮಾರುಕಟ್ಟೆಗೆ ತಂದ ಅಮಿಗಾ 2000 ಕಂಪ್ಯೂಟರಿನ ಮುಖ್ಯ ಬೋರ್ಡಿನ ಮೇಲೆ ಒಂದು ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದು ಕೂರಿಸಿದ್ದರು. 1994ರಲ್ಲಿ ಕಂಪನಿ ದಿವಾಳಿ ಎದ್ದಿತು. ಬ್ಯಾಟರಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಹಳೆಯ ಯಂತ್ರಗಳನ್ನು ಜೋಪಾನ ಮಾಡುವವರು ಈಗ ಕಟ್ಟರ್ ಹಿಡಿದು ನಿಂತಿದ್ದಾರೆ. ಅದಕ್ಕೆ ಮುಂಚೆ ಬಾಡಿಗೆದಾರರ ಅಹವಾಲನ್ನೂ ಕೇಳಿಬಿಡೋಣ.

ಪ್ರಶ್ನೆ: ತಮ್ಮ ಉದ್ಯೋಗ?

ಬ್ಯಾಟರಿ: ಗಡಿಯಾರದ ಕಾವಲು. ಯಂತ್ರ ಆರಿಸಿದ ಮೇಲೂ ತಾರೀಕು, ವೇಳೆ ತಪ್ಪಬಾರದಲ್ಲ! ಮೂರು ಸೆಲ್, ತಲಾ 1.2 ವೋಲ್ಟ್, ಒಟ್ಟು 3.6. ಯಂತ್ರ ಓಡುವಾಗ ನನಗೆ ಊಟ, ನಿಂತಾಗ ಉಪವಾಸ. ಮನೆತನ ಸಾಮಾನ್ಯದ್ದಲ್ಲ. ನಮ್ಮ ಮೂಲಪುರುಷನನ್ನು 1899ರಲ್ಲಿ ಸೃಷ್ಟಿಸಿದವರು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್.

ಪ್ರಶ್ನೆ: ಮನೆತನಕ್ಕೆ ನಮಸ್ಕಾರ. ಲೆಕ್ಕ ಮಾತ್ರ ಕೂಡುತ್ತಿಲ್ಲ. ತಾವಿಲ್ಲದಿದ್ದರೂ ಅಮಿಗಾ 2000 ಎದ್ದು ಕೂರುತ್ತದೆ, ಚಿತ್ರ ಬರೆಯುತ್ತದೆ, ಆಟ ಆಡಿಸುತ್ತದೆ. ತಾರೀಕೊಂದು ಗೊತ್ತಾಗುವುದಿಲ್ಲ, ಅಷ್ಟೇ. ಈ ಮನೆಯ ಹಿರಿಯಕ್ಕ, 1985ರ ಅಮಿಗಾ 1000, ಇಂಥ ಕಾವಲುಗಾರನನ್ನು ಇಟ್ಟುಕೊಳ್ಳದೆಯೇ ಸಂಸಾರ ಮಾಡಿತು. ಅಂದಮೇಲೆ ತಮ್ಮಿಂದಾಗುವ ಉಪಕಾರ ಚಿಟಿಕೆಯಷ್ಟು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ: ತಮ್ಮ ಹೊಟ್ಟೆಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಗೆ ಜಿನುಗಿ, ಹಸಿರು ಲೇಪದ ಅಡಿಯಲ್ಲೇ ತಾಮ್ರದ ಗೆರೆ ಹಿಡಿದು ತೆವಳುತ್ತದೆ. ಪಕ್ಕದಲ್ಲೇ ಇರುವ 68000 ಪ್ರೊಸೆಸರಿನ ಸಾಕೆಟ್ಟಿಗೆ ಕಿಲುಬು ಹಿಡಿಯುತ್ತದೆ, ಅದರ ಕಾಲುಗಳು ಸವೆಯುತ್ತವೆ. ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಬಂದವನು ಮನೆಯ ತೊಲೆ ತಿಂದ ಹಾಗಾಯಿತು.

ಬ್ಯಾಟರಿ: ತಿಂದದ್ದು ನಿಜ. ಆದರೆ ಕಂಡವರೆಲ್ಲ ‘ಆ್ಯಸಿಡ್ ಸೋರಿದೆ’ ಅನ್ನುತ್ತಾರಲ್ಲ, ಅದು ಮಾನಹಾನಿ. ನಾನು ಶುದ್ಧ ಕ್ಷಾರ.

ಪ್ರಶ್ನೆ: ಆ ತಕರಾರು ಒಪ್ಪತಕ್ಕದ್ದೇ, ಏಕೆಂದರೆ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಕಾರಿನ ಬ್ಯಾಟರಿಯಲ್ಲಿರುವುದು ಆಮ್ಲ, ಅದಕ್ಕೆ ಅಡುಗೆ ಸೋಡಾ ಸರಿ. ತಮ್ಮ ಸೋರಿಕೆಗೂ ಸೋಡಾ ಎರಚಿದರೆ ಕ್ಷಾರಕ್ಕೆ ಕ್ಷಾರವನ್ನೇ ಬಡಿಸಿದಂತೆ. ತಾಮ್ರದ ಚೊಂಬಿಗೆ ಹುಣಸೆಹಣ್ಣು ತಿಕ್ಕುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಲ್ಲಿ ಬೇಕಾದ್ದು ಹುಳಿ. ಮೊದಲು ಬ್ಯಾಟರಿಯನ್ನು ಕಿತ್ತು, ಆಮೇಲೆ ಬಿಳಿ ವಿನಿಗರ್ ಅನ್ನು ಹಿತಮಿತವಾಗಿ ಹಚ್ಚಬೇಕು. ಅದನ್ನೂ ಅಲ್ಲೇ ಬಿಡುವಂತಿಲ್ಲ. ವಿನಿಗರ್ ಕೂಡ ತಾಮ್ರವನ್ನು ತಿನ್ನುವ ಜಾತಿಯೇ. ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಿದ ಮೇಲೆಯೇ ಕರೆಂಟು.

ಬ್ಯಾಟರಿ: ಸೋರಿದವರ ಕತೆ ಬಿಡಿ. ಇನ್ನೂ ಒಂದು ಹನಿಯೂ ಸೋರದ ನನ್ನ ಅಣ್ಣತಮ್ಮಂದಿರನ್ನೂ ಕೀಳುತ್ತೀರಂತೆ. ತಪ್ಪು ಮಾಡುವ ಮೊದಲೇ ಶಿಕ್ಷೆಯೆ? ಮೀಟರಿಟ್ಟು ನೋಡಿ, 3.6 ತೋರಿಸುತ್ತೇವೆ!

ಪ್ರಶ್ನೆ: ಮೀಟರು ಹೇಳುವುದು ವೋಲ್ಟಿನ ಸಂಗತಿ, ಸೀಲಿನದ್ದಲ್ಲ. ಸೀಲು ಸಡಿಲವಾಗುವುದು ವಯಸ್ಸಿನಿಂದ. ನಡತೆ ಎಷ್ಟೇ ಒಳ್ಳೆಯದಿದ್ದರೂ ವಯಸ್ಸು ನಿಲ್ಲದು. ಮೇಲಾಗಿ ಮೊದಲ ಹನಿ ಇಳಿಯುವುದು ತಮ್ಮದೇ ಮೈಯ ಅಡಿಗೆ, ಕಣ್ಣಿಗೆ ಕಾಣದ ಜಾಗಕ್ಕೆ. ಕಂಡಾಗ ಕೀಳುತ್ತೇನೆ ಅನ್ನುವವನು ತಡವಾಗಿ ಕೀಳುತ್ತಾನೆ. ಈಗಲೇ ತೆಗೆದರೆ ಕಾಲು ಕತ್ತರಿಸಿ ಬೆಸುಗೆ ಬಿಡಿಸುವಷ್ಟೇ ಕೆಲಸ. ತಡ ಮಾಡಿದರೆ ಸಾಕೆಟ್ ಬದಲಿಸಬೇಕು, ತಿಂದುಹೋದ ಗೆರೆಗಳಿಗೆ ಒಂದೊಂದಾಗಿ ತಂತಿ ಎಳೆಯಬೇಕು. ಕ್ಷಾರ ಕುಡಿದ ತಾಮ್ರ ಬೆಸುಗೆಯನ್ನೂ ಸಲೀಸಾಗಿ ಹಿಡಿಯುವುದಿಲ್ಲ.

ಬ್ಯಾಟರಿ: ಸಂಗ್ರಾಹಕರನ್ನು ಕೇಳಿ! ಕಾರ್ಖಾನೆಯಿಂದ ಬಂದ ಮೂಲರೂಪ ಕೆಡಬಾರದು ಅನ್ನುವವರು ನನ್ನ ಪರ ಇದ್ದಾರೆ.

ಪ್ರಶ್ನೆ: ವಾದದಲ್ಲಿ ಹುರುಳಿಲ್ಲವೆಂದಲ್ಲ. ಯಾವ ತಯಾರಕರ ಯಾವ ಬ್ಯಾಟರಿ ಎಲ್ಲಿ ಕೂತಿತ್ತು ಎನ್ನುವುದೂ ಚರಿತ್ರೆಯೇ. ಫೋಟೊ ತೆಗೆದಿಟ್ಟರೆ ಅದು ಉಳಿಯುತ್ತದೆ. ಆದರೆ ಹಗ್ಗ ಬದಲಾದ ಮಾತ್ರಕ್ಕೆ ತೇರು ಬೇರೆಯಾಗುತ್ತದೆಯೆ? ಸವೆಯಲೆಂದೇ ಇರುವ ಭಾಗವನ್ನು ಉಳಿಸಹೋಗಿ ಸವೆಯದೆ ಉಳಿಯಬೇಕಾದ ಬೋರ್ಡನ್ನು ಕಳೆದುಕೊಂಡರೆ, ಕೈಯಲ್ಲಿ ಉಳಿಯುವ ಮೂಲರೂಪ ಕಿಲುಬಿನದ್ದು ಮಾತ್ರ. ಅಂದಹಾಗೆ, ತಮ್ಮೊಳಗೆ ಕ್ಯಾಡ್ಮಿಯಂ ಇರುವುದರಿಂದ ಕಸದ ಬುಟ್ಟಿಯ ಯೋಗವೂ ಇಲ್ಲ. ಇ-ತ್ಯಾಜ್ಯದವರ ಗಾಡಿಯೇ ಗತಿ.

ಬ್ಯಾಟರಿ: ನನ್ನ ಜಾಗಕ್ಕೆ ಆ ಲಿಥಿಯಂ ಬಿಲ್ಲೆ ಬರುತ್ತಾನಂತೆ. ಒಂದು ಗುಟ್ಟು ಹೇಳಲೆ? ಅವನು ಬುತ್ತಿ ಕಟ್ಟಿಕೊಂಡೇ ಬಂದವನು. ಈ ಬೋರ್ಡು ನನಗೆ ಬಡಿಸುವ ಅಭ್ಯಾಸದಲ್ಲಿ ಅವನಿಗೂ ಬಡಿಸಿದರೆ ಹೊಟ್ಟೆ ಒಡೆದೀತು.

ಪ್ರಶ್ನೆ: ಸರಿಯಾದ ಎಚ್ಚರಿಕೆ. ಅದಕ್ಕೇ ನಡುವೆ ಒಂದು ಡಯೋಡ್ ಇಟ್ಟು ಊಟದ ದಾರಿ ಮುಚ್ಚುತ್ತಾರೆ. ಗಡಿಯಾರವೇ ಬೇಡ ಅನ್ನುವವರು ಜಾಗ ಖಾಲಿ ಬಿಡುತ್ತಾರೆ. ಆಗ ವೇಳೆ ಹೇಳುವವರಿಲ್ಲದ ಅಮಿಗಾ ತನ್ನ ಲೆಕ್ಕದ ಮೊದಲ ದಿನಕ್ಕೆ, ಅಂದರೆ 1978ರ ಜನವರಿ 1ಕ್ಕೆ, ಹೋಗಿ ಕೂತರೂ ಆಟಕ್ಕೇನೂ ಭಂಗವಿಲ್ಲ. ಅಷ್ಟು ವರ್ಷ ಗಡಿಯಾರ ಕಾದಿದ್ದೀರಿ. ಏಳುವ ಮೊದಲು ಇವತ್ತಿನ ತಾರೀಕು ಹೇಳಿಬಿಡಿ.

ಬ್ಯಾಟರಿ: (ಒಂದು ಹನಿ ಜಿನುಗಿಸಿ) 1978ರ ಜನವರಿ 1 ಅಲ್ಲವೆ?